ಮಡಿವಾಳ ಹಕ್ಕಿಯ ಎರಡು ರೀಡು

ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ‘ಹಕ್ಕಿಯ ಗಂಟಲೇ ಅದರ ಕೊಳಲು’ ಎಂದು ಬರೆದಿದ್ದೀರಿ. ನಾನು ಇಲ್ಲಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದವನು. ನಮ್ಮ ಸೊಸೈಟಿಯ ನುಗ್ಗೆ ಮರದಲ್ಲಿ ಬೆಳಗಿನ ಜಾವ ಹಾಡುವ ಮಡಿವಾಳ ಹಕ್ಕಿ ಒಮ್ಮೊಮ್ಮೆ ಎರಡು ಸ್ವರ ಒಟ್ಟಿಗೆ ಹಿಡಿದಂತೆ ಕೇಳಿಸುತ್ತದೆ. ಸದ್ದಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಮೊಮ್ಮಗಳ ಮೊಬೈಲಿನಲ್ಲೂ ಒಂದರ ಮೇಲೊಂದು ಎರಡು ಗೆರೆ ಮೂಡುತ್ತವೆ. ಒಂದು ಕೊಳಲಿನಲ್ಲಿ ಇದು ಹೇಗೆ? ದೋಷ ನನ್ನ ಕಿವಿಯದೋ, ನಿಮ್ಮ ಉಪಮೆಯದೋ?
– ಓದುಗರು, ಡೊಂಬಿವಲಿ

ಮಾನ್ಯರೇ,

ದೋಷ ಉಪಮೆಯದ್ದೇ. ಕಿವಿಯ ವಿಚಾರ ಕೊನೆಗೆ ಹೇಳುತ್ತೇನೆ. ಆ ಸಾಲು ನನ್ನದು; ಪುಟ ಅಚ್ಚಿಗೆ ಹೋಗುವ ರಾತ್ರಿ ಖಾಲಿ ಜಾಗ ತುಂಬಲು ಬರೆದದ್ದು. ಹಾರ್ಮೋನಿಯಂ ಬಲ್ಲವರ ಕೈಗೇ ಸಿಕ್ಕಿಬಿದ್ದೆ.

ನಮ್ಮ ದನಿ ಹುಟ್ಟುವುದು ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ. ಹಕ್ಕಿಗೂ ಅಲ್ಲೊಂದು ಪೆಟ್ಟಿಗೆ ಉಂಟು, ಆದರೆ ಅದು ಹಾಡುವುದಿಲ್ಲ. ಹಾಡು ಹುಟ್ಟುವುದು ಇನ್ನೂ ಕೆಳಗೆ, ಎದೆಯೊಳಗೆ, ಶ್ವಾಸನಾಳ ಎರಡಾಗಿ ಕವಲೊಡೆಯುವ ಕಡೆ. ಆ ಅಂಗದ ಹೆಸರು ಸಿರಿಂಕ್ಸ್. ಮಡಿವಾಳದಂಥ ಹಾಡುಹಕ್ಕಿಗಳಲ್ಲಿ ಪ್ರತಿ ಕವಲಿನ ಬುಡದಲ್ಲೂ ಒಂದು ಜೊತೆ ಮೆತ್ತನೆಯ ತುಟಿಗಳಿವೆ. ಗಾಳಿಚೀಲಗಳ ಒತ್ತಡಕ್ಕೆ ಉಸಿರು ಅವುಗಳ ನಡುವೆ ನುಗ್ಗಿದಾಗ ತುಟಿಗಳು ತೆರೆದು ಮುಚ್ಚಿ ಅದುರುತ್ತವೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ತಿದಿ ಒಂದು, ಗಾಳಿಗೆ ಅದುರಿ ಸ್ವರ ಹೊಮ್ಮಿಸುವ ರೀಡು ಎರಡು. ಎಡಕ್ಕೂ ಬಲಕ್ಕೂ ಸ್ನಾಯು ಬೇರೆ, ನರ ಬೇರೆ. ಅಮೆರಿಕದ ವಿಜ್ಞಾನಿ ರಾಡರಿಕ್ ಸದರ್ಸ್ ಕ್ಯಾಟ್‌ಬರ್ಡ್ ಮತ್ತು ಥ್ರ್ಯಾಷರ್ ಎಂಬ ಹಕ್ಕಿಗಳ ಎರಡೂ ಕವಲುಗಳಲ್ಲಿ ಗಾಳಿಯ ಹರಿವನ್ನು ಬೇರೆಬೇರೆಯಾಗಿ ಅಳೆದು 1990ರಲ್ಲಿ ತೋರಿಸಿದ್ದು ಇದನ್ನೇ: ಒಮ್ಮೆ ಎಡ, ಒಮ್ಮೆ ಬಲ, ಒಮ್ಮೊಮ್ಮೆ ಎರಡೂ ತಮ್ಮ ತಮ್ಮ ಸ್ವರ ಹಿಡಿದು.

ಹಾಗೆಂದು ರೀಡನ್ನೂ ಬಹಳ ದೂರ ಎಳೆಯುವಂತಿಲ್ಲ. ಹಿತ್ತಾಳೆಯ ರೀಡಿಗೆ ಒಂದೇ ಸ್ವರ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬಾರದು ಎಂಬಂಥ ದೂರುಗಳಿಂದಲೇ 1940ರಲ್ಲಿ ರೇಡಿಯೋ ಹಾರ್ಮೋನಿಯಂ ಅನ್ನು ಗಡೀಪಾರು ಮಾಡಿದ ಕಥೆ ನಿಮಗೆ ಹೊಸದಲ್ಲ. ಹಕ್ಕಿಯ ತುಟಿ ಜೀವಂತ ಮಾಂಸ. ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಜಾರುತ್ತದೆ. ಕೆಲವು ಹಾಡುಹಕ್ಕಿಗಳಲ್ಲಿ ಈ ಸ್ನಾಯುಗಳು ಸೆಕೆಂಡಿಗೆ 200 ಸಲಕ್ಕೂ ಹೆಚ್ಚು ಬಿಗಿದು ಸಡಿಲಾಗಬಲ್ಲವು.

ಕೊಳಲಲ್ಲ ಎಂದು ಗೊತ್ತಾದ ಬಗೆ ನನಗೆ ಬಲು ಇಷ್ಟ. ವಿಜ್ಞಾನಿ ಸ್ಟೀಫನ್ ನೊವಿಕಿ ಹಾಡುಹಕ್ಕಿಗಳನ್ನು ಹೀಲಿಯಂ ಬೆರೆತ ಗಾಳಿಯಲ್ಲಿ ಹಾಡಿಸಿ 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೀಲಿಯಂನಲ್ಲಿ ಸದ್ದಿನ ಓಟ ಜೋರು. ಕೊಳಲಿನ ಶ್ರುತಿ ನಿಂತಿರುವುದು ಒಳಗಿನ ಗಾಳಿಕಂಬದ ಮೇಲೆ. ಹಾಗಾಗಿ ಹಕ್ಕಿಯೂ ಕೊಳಲಾಗಿದ್ದರೆ ಶ್ರುತಿಯೇ ಮೇಲಕ್ಕೆ ಹಾರಬೇಕಿತ್ತು. ಹಾರಲಿಲ್ಲ. ಮೂಲಸ್ವರ ಇದ್ದಲ್ಲೇ ಇತ್ತು, ಅದುವರೆಗೆ ಅಡಗಿದ್ದ ಉಪಸ್ವರಗಳು (ಮೂಲಸ್ವರದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳು) ಮಾತ್ರ ಎದ್ದು ಬಂದವು. ಅಂದರೆ ಎದೆಯಲ್ಲಿ ಹುಟ್ಟಿದ ಸದ್ದನ್ನು ಗಂಟಲು, ಬಾಯಿ, ಕೊಕ್ಕು ಸೇರಿ ಸೋಸುತ್ತವೆ. ಹೀಲಿಯಂ ಆ ಜರಡಿಯ ಹದ ಕೆಡಿಸಿತ್ತು. ಸ್ವರ ಏರಿದಂತೆ ಅನೇಕ ಹಕ್ಕಿಗಳು ಕೊಕ್ಕು ಅಗಲಿಸುವುದೂ ಈ ಹದಕ್ಕೇ. ಮುಂದೆ 1997ರಲ್ಲಿ ಗೊಲ್ಲರ್ ಮತ್ತು ಲಾರ್ಸೆನ್ ಎಂಬ ಸಂಶೋಧಕರು ಒಳಗೆ ನೋಡುವ ಸಪೂರ ನಳಿಗೆ, ಎಂಡೋಸ್ಕೋಪ್, ಇಳಿಸಿ, ತುಟಿ ಅದುರುವುದನ್ನು ಕಣ್ಣಾರೆ ಕಂಡರು. ನನ್ನ ಕೊಳಲಿಗೆ ಸೋಸುವ ಕೆಲಸವಾದರೂ ಉಳಿಯಿತಲ್ಲ ಎಂಬುದೇ ಸಮಾಧಾನ.

ಇನ್ನೊಂದು ತಮಾಷೆ: ನಾವು ‘ಕೋಗಿಲೆ ಕಂಠ’ ಎಂದು ಹೊಗಳುವ ಕೋಗಿಲೆ ಪಕ್ಷಿಶಾಸ್ತ್ರದ ಪ್ರಕಾರ ಹಾಡುಹಕ್ಕಿಯೇ ಅಲ್ಲ. ಆ ಪಂಕ್ತಿಯಲ್ಲಿ ಎಲೆ ಹಾಕಿರುವುದು ಕಾಗೆಗೆ!

ಇನ್ನು ನಿಮ್ಮ ಕಿವಿ. ಎರಡು ಗೆರೆ ಕಂಡ ಮಾತ್ರಕ್ಕೆ ಎರಡು ದನಿ ಎನ್ನಲಾಗದು. ನೀವು ಹಾರ್ಮೋನಿಯಂನ ಒಂದೇ ಮನೆ ಒತ್ತಿದರೂ ಮೇಲಿನ ಸಾ ನೆರಳಿನಂತೆ ಇರುತ್ತದಷ್ಟೆ? ಕೆಳಗೆರೆ 2000 ಹರ್ಟ್ಜ್ ಇದ್ದಾಗ ಮೇಲಿನದು ಸರಿಯಾಗಿ 4000 ಇದ್ದು, ಎರಡೂ ಜೋಡೆತ್ತಿನಂತೆ ಒಟ್ಟಿಗೇ ಏರಿಳಿದರೆ ಅದು ಒಂದೇ ರೀಡಿನ ಉಪಸ್ವರ. ಒಂದು ಏರುವಾಗ ಇನ್ನೊಂದು ಇಳಿದರೆ ನಿಮ್ಮ ಕಿವಿಗೆ ನಮಸ್ಕಾರ. ಆದರೂ ಪಕ್ಕದ ಬಿಲ್ಡಿಂಗಿನ ಟೆರೇಸನ್ನು ಒಮ್ಮೆ ನೋಡಿಬಿಡಿ. ಗಂಡು ಮಡಿವಾಳ ಹಾಡಿ ಗಡಿ ಕಾಯುವ ಹಕ್ಕಿ. ಅಲ್ಲೊಬ್ಬ ಎದುರಾಳಿ ಕೂತಿದ್ದರೆ ಎರಡನೆಯ ಗೆರೆ ಅವನದು.

– ಸಂ.