ಅಜ್ಜಿಯ ಹಳೇ ಫೋಟೊ, ಹೊಸ ಪೇಂಟಿಂಗ್

ಪ್ರಶ್ನೆ: ನಮ್ಮ ಅಜ್ಜಿಯದು ಅಂತ ಉಳಿದಿರುವುದು ಒಂದೇ ಫೋಟೊ. ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು-ಬಿಳುಪು ಫೋಟೊ, ಅಂಗೈಗಿಂತ ಚಿಕ್ಕದು, ಒಂದು ಕಡೆ ಫ್ರೇಮಿನ ಗಾಜಿಗೆ ಅಂಟಿಕೊಂಡಿದೆ. ಇಳಕಲ್ ಸೀರೆ ಉಟ್ಟಿದ್ದಾರೆ. ಅದನ್ನು ನೋಡಿ ಆಯಿಲ್ ಪೇಂಟಿಂಗ್ ಮಾಡಿ ಅವ್ವನಿಗೆ ಕೊಡಬೇಕು ಅಂತ ಆಸೆ. ಚಿತ್ರಕಲೆ ಸ್ವಲ್ಪ ಕಲಿತಿದ್ದೇನೆ. ಮೊಬೈಲ್ ಆ್ಯಪ್‌ಗೆ ಹಾಕಿದಾಗ ಸೀರೆ ನೀಲಿ ಬಂತು, ಮುಖ ತುಂಬಾ ನುಣುಪಾಯಿತು. ಅದನ್ನೇ ನೋಡಿ ಬರೆಯಲಾ?
— ಒಬ್ಬ ಓದುಗರು, ಗದಗ ಜಿಲ್ಲೆ

ಉತ್ತರ: ಬೇಡ. ಆ್ಯಪ್‌ಗೆ ನಿಮ್ಮ ಅಜ್ಜಿ ಗೊತ್ತಿಲ್ಲ. ಮಸುಕಾದ ಕಡೆ ಅದು ಊಹೆ ಮಾಡಿ ತುಂಬುತ್ತದೆ, ಕಣ್ಣಿನ ರೆಪ್ಪೆ, ತುಟಿಯ ಅಂಚು ಎಲ್ಲ ಬೇರೆ ಯಾರದೋ ಆಗಿಬಿಡುತ್ತದೆ, ಚಿತ್ರ ನೋಡಿದ ಕೂಡಲೇ ಅವ್ವ "ಇದು ನಮ್ಮವ್ವ ಅಲ್ಲ" ಅಂದುಬಿಡಬಹುದು.

ಮೊದಲು ಫೋಟೊ ಉಳಿಸಿಕೊಳ್ಳಿ. ಗಾಜಿನಿಂದ ಕಿತ್ತು ತೆಗೆಯಬೇಡಿ. ತೇವಕ್ಕೆ ಫೋಟೊದ ಮೇಲ್ಪದರ ಗಾಜಿಗೆ ಹಿಡಿದುಕೊಂಡಿರುತ್ತದೆ, ಎಳೆದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, 1200 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕಿ, ವಿವರ ಚೆನ್ನಾಗಿ ಬರುತ್ತದೆ) ಅಂತ ಹೇಳಿ, ಕಪ್ಪು-ಬಿಳುಪು ಫೋಟೊ ಆದರೂ ಕಲರ್‌ನಲ್ಲೇ ಮಾಡಿಸಿ. ಆಗ ಹಳದಿ ಕಲೆ ಯಾವುದು, ಫೋಟೊದ ನೆರಳು ಯಾವುದು ಅಂತ ಬೇರೆಬೇರೆಯಾಗಿ ಕಾಣುತ್ತದೆ.

ಇನ್ನು ಬಣ್ಣದ ವಿಷಯ. ಕಪ್ಪು-ಬಿಳುಪು ಫೋಟೊದಲ್ಲಿ ಕಪ್ಪಾಗಿ ಕಂಡದ್ದೆಲ್ಲ ಕಪ್ಪಲ್ಲ. ಹಿಂದೆ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಹಾಗಾಗಿ ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು, ನೀಲಿ ತೀರಾ ಬೆಳ್ಳಗೆ ಬರುತ್ತಿತ್ತು. ಅಜ್ಜಿಯ ಹಣೆಯ ಕುಂಕುಮ ನೋಡಿ. ಅದು ಇದ್ದಿಲಿನಷ್ಟು ಕಪ್ಪಾಗಿ, ತುಟಿಯೂ ಗಾಢವಾಗಿ ಬಂದಿದ್ದರೆ ಅಂಥ ಫಿಲಂ ಇರಬಹುದು. ಆಗ ಕಪ್ಪಾಗಿ ಕಾಣುವ ಸೆರಗು ನಿಜಕ್ಕೂ ಕೆಂಪು ಇದ್ದೀತು. ಇಳಕಲ್ ಸೀರೆಗೆ ಕೆಂಪು ಸೆರಗು, ಅದರಲ್ಲಿ ಬಿಳಿ ತೆನೆ ಇರುವುದೇ ಜಾಸ್ತಿ ಅಲ್ವಾ. ಆಮೇಲೆ ಬಂದ ಫಿಲಂಗಳಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿಬಿಡಬಹುದು. ಹಾಗಾಗಿ ಸೀರೆಯ ಒಡಲಿನ ಬಣ್ಣ ಫೋಟೊ ಹೇಳುವುದಿಲ್ಲ, ಮನೆಯ ಹಿರಿಯರು ಹೇಳಬೇಕು. ಟ್ರಂಕಿನ ತಳದಲ್ಲಿ ಹಳೇ ಸೀರೆಯೋ, ಅದರಿಂದ ಹೊಲಿದ ಕೌದಿಯೋ ಇದೆಯಾ ಅಂತ ಕೇಳಿ ನೋಡಿ. ಕೌದಿಯ ಒಂದು ತುಂಡು ಸಿಕ್ಕರೂ ಸಾಕು.

ಮುಖದ ಬಗ್ಗೆ ಇನ್ನೂ ಹೆಚ್ಚು ವಿಚಾರಿಸಬೇಕು. ಆಗಿನ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ಟಚಿಂಗ್ ಮಾಡುತ್ತಿದ್ದರು. ಕಣ್ಣಿನ ಕೆಳಗಿನ ಗೆರೆ, ಸಿಡುಬಿನ ಕಲೆ, ಕೆನ್ನೆಯ ಮಚ್ಚೆ ಎಲ್ಲ ಅದರಲ್ಲಿ ಮಾಯ. ನೀವು ಆ್ಯಪ್‌ನ ನುಣುಪು ಬಿಟ್ಟು ಫೋಟೊ ನೋಡಿ ಬರೆದರೂ ಟಚಿಂಗ್ ಮಾಡಿದವರ ನುಣುಪು ಅಲ್ಲಿ ಇದ್ದೇ ಇರಬಹುದು. ಆದ್ದರಿಂದ ಅವ್ವನ ಹತ್ತಿರ, ಅಜ್ಜಿಯನ್ನು ನೋಡಿದ ಚಿಕ್ಕಮ್ಮ, ಸೋದರಮಾವ ಯಾರೇ ಇದ್ದರೂ ಅವರ ಹತ್ತಿರ, ಸ್ಕ್ಯಾನ್ ದೊಡ್ಡದು ಮಾಡಿ ತೋರಿಸಿ ಕೇಳಿ. "ಹೇಗಿದ್ದರು" ಅಂತ ಸುಮ್ನೆ ಕೇಳಿದರೆ "ಭಾಳ ಚಂದ ಇದ್ಳು" ಅಂತಾರೆ, ಅಷ್ಟೇ. ನಕ್ಕರೆ ಯಾವ ಕಡೆ ಕೆನ್ನೆ ಮೇಲೇಳುತ್ತಿತ್ತು? ಬುಗುಡಿ ಹಾಕಿ ಕಿವಿ ಬಾಗಿತ್ತಾ? ಇವರಲ್ಲಿ ಯಾರ ಬಣ್ಣ ಅಜ್ಜಿಯ ಹಾಗೆ? ಹೀಗೆ ಕೇಳಿ. ಅಜ್ಜಿಯ ಹಾಗೇ ಬಣ್ಣ ಇರುವವರನ್ನು ಬೆಳಗ್ಗೆ ಕಿಟಕಿ ಪಕ್ಕ ಕೂರಿಸಿ, ಅವರ ಕೆನ್ನೆ ನೋಡಿ ಬಣ್ಣ ಕಲಸಿ. ಹಿರಿಯರನ್ನು ಕೇಳುವ ಈ ಕೆಲಸ ಮುಂದಕ್ಕೆ ಹಾಕಬೇಡಿ. ಬಣ್ಣ, ಕ್ಯಾನ್ವಾಸ್ ಯಾವಾಗ ಬೇಕಾದರೂ ಸಿಗುತ್ತದೆ.

ಬಣ್ಣ ಕಲಸುವಾಗ ಚರ್ಮದ ನೆರಳಿಗೆ ಕಪ್ಪು ಹಾಕಬೇಡಿ, ಬೂದಿ ಬಳಿದ ಹಾಗಾಗುತ್ತದೆ. ಚರ್ಮಕ್ಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಪು ಕಂದು), ಸ್ವಲ್ಪ ಬಿಳಿ, ಬೇಕಾದಲ್ಲಿ ಒಂದು ಚೂರು ಕೆಂಪು. ನೆರಳಿಗೆ ಬರ್ನ್ಟ್ ಅಂಬರ್ (ಗಾಢ ಕಂದು) ಜೊತೆ ಅಲ್ಟ್ರಾಮರೀನ್ ನೀಲಿ. ಮೈಸೂರಿಗೆ ಹೋದರೆ ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರ ತಪ್ಪದೆ ನೋಡಿ. ಅದಕ್ಕೆ ನಿಂತದ್ದು ಅವರ ಮಗಳೇ. ಅದು ಜಲವರ್ಣ, ನಿಮ್ಮದು ಆಯಿಲ್, ಪರವಾಗಿಲ್ಲ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಹೇಗೆ ಕೆಂಪಗೆ ಬೆಳಗಿವೆ ನೋಡಿ, ನಮ್ಮ ಮೈಬಣ್ಣದ ಒಳಗೆ ಎಷ್ಟು ಬಿಸುಪು ಇದೆ ಅಂತ ತಿಳಿಯುತ್ತದೆ.

ಅಳತೆಗೆ ಚೌಕ ಹಾಕುವ ಹಳೇ ಪದ್ಧತಿಯೇ ಸಾಕು. ಫೋಟೊ ಮೇಲೆ ಗೀಚಬೇಡಿ, ಸ್ಕ್ಯಾನ್‌ನ ಪ್ರಿಂಟ್ ಮೇಲೆ, ಕ್ಯಾನ್ವಾಸ್ ಮೇಲೆ ಚೌಕ ಹಾಕಿ, ಒಂದೊಂದು ಚೌಕದಲ್ಲಿ ಕಂಡದ್ದನ್ನು ಅದೇ ಜಾಗದ ಚೌಕಕ್ಕೆ ಬರೆಯಿರಿ. ಫೋಟೊದ ಅರ್ಧ ಸೆಂಟಿಮೀಟರ್ ಚೌಕಕ್ಕೆ ಕ್ಯಾನ್ವಾಸ್‌ನಲ್ಲಿ 3 ಸೆಂಟಿಮೀಟರ್ ಅಂದರೆ ಆರು ಪಟ್ಟು. ಇಷ್ಟು ಚಿಕ್ಕ ಫೋಟೊದಿಂದ ಅದಕ್ಕಿಂತ ದೊಡ್ಡದು ಮಾಡಲು ಹೋಗಬೇಡಿ, ಇಲ್ಲದ ವಿವರ ನೀವೇ ಹುಟ್ಟಿಸಬೇಕಾಗುತ್ತದೆ. ಯಾರಿಗೂ ನೆನಪಿಲ್ಲದ ಭಾಗವನ್ನು, ಉದಾಹರಣೆಗೆ ಕಿವಿಯ ಹಿಂದಿನ ಕೂದಲು, ಹಿಂದಿನ ಪರದೆ, ಮಬ್ಬಾಗಿಯೇ ಬಿಡಿ. ಕಣ್ಣು, ಮೂಗು, ಬಾಯಿಗೆ ಸಮಯ ಕೊಡಿ, ಮಧ್ಯೆ ಮಧ್ಯೆ ಚಿತ್ರವನ್ನೂ ಪ್ರಿಂಟನ್ನೂ ತಲೆಕೆಳಗೆ ಮಾಡಿ ಹೋಲಿಸಿ. ಮೊದಲು ಒಂದೇ ಕಂದು ಬಣ್ಣದಲ್ಲಿ ನೆರಳು-ಬೆಳಕು ಮುಗಿಸಿ ಅವ್ವನಿಗೆ ತೋರಿಸಿ. ತಿದ್ದುವುದು ಆಗಲೇ ಸುಲಭ.

ಮುಗಿದ ಮೇಲೆ ವಾರ್ನಿಶ್‌ಗೆ ಅವಸರ ಬೇಡ, ಆಯಿಲ್ ಒಳಗಿನವರೆಗೂ ಒಣಗಲು ಆರು ತಿಂಗಳಾದರೂ ಕೊಡಿ. ಅಲ್ಲಿಯವರೆಗೆ ಧೂಳು, ಒಲೆಯ ಹೊಗೆ ತಾಗದ ಗೋಡೆಗೆ ಹಾಕಿದರೆ ಆಯಿತು.