ಓದುಗರ ಪ್ರಶ್ನೆ: ಮುಂಬಯಿಯ ಮಾಟುಂಗ–ದಾದರಿನ ಹಳೆಯ ಕಟ್ಟಡಗಳು

ಪ್ರಶ್ನೆ: ಊರಿಂದ ಬರುವ ನೆಂಟರಿಗೆ ಮಾಟುಂಗದ ಹಳೆಯ ಬೀದಿಗಳನ್ನು ತೋರಿಸಬೇಕು. ಎಲ್ಲಿಂದ ಹೊರಡಲಿ, ಏನನ್ನು ನೋಡಲಿ? – ಓದುಗರು, ಡೊಂಬಿವಲಿ

ಉತ್ತರ: ಮಧ್ಯ ರೈಲ್ವೆಯ ಮಾಟುಂಗ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಕಿಂಗ್ಸ್ ಸರ್ಕಲ್‌ಗೆ, ಅಂದರೆ ಮಹೇಶ್ವರಿ ಉದ್ಯಾನಕ್ಕೆ ಬನ್ನಿ. ಅಲ್ಲಿಂದ ದಕ್ಷಿಣಕ್ಕೆ ಫೈವ್ ಗಾರ್ಡನ್ಸ್, ಪಕ್ಕದಲ್ಲೇ ಪಾರ್ಸಿ ಕಾಲೊನಿ. ಅಂಬೇಡ್ಕರ್ ರಸ್ತೆ ದಾಟಿದರೆ ಹಿಂದೂ ಕಾಲೊನಿ, ಕೊನೆಗೆ ದಾದರ್ ಸ್ಟೇಷನ್.

ಮೊದಲು ಕಟ್ಟಡಗಳ ನಡುವಿನ ಜಾಗವನ್ನು ತೋರಿಸಿ. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಈ ಬಡಾವಣೆಗಳ ನಕ್ಷೆ ಹಾಕಿತು. ಪ್ರತಿ ಮನೆಗೂ ಗಾಳಿ ಬೆಳಕು ತಲುಪಬೇಕೆಂಬುದೇ ಅದರ ಹಠ. ಪಾರ್ಸಿ ಕಾಲೊನಿ ರೂಪುಗೊಂಡದ್ದು ಟ್ರಸ್ಟ್‌ನ ಎಂಜಿನಿಯರ್ ಮಂಚೇರ್ಜಿ ಜೋಶಿಯವರ ಪ್ರಯತ್ನದಿಂದ. ಆಮೇಲೆ ಕಣ್ಣೆತ್ತಿದರೆ ಆರ್ಟ್ ಡೆಕೊ ಎಂಬ ಕಟ್ಟಡ ಶೈಲಿ ಕಾಣುತ್ತದೆ: ಮೂಲೆಯಲ್ಲಿ ಬಳುಕುವ ಬಾಲ್ಕನಿ, ಕಿಟಕಿಯ ಮೇಲಿನ ತೆಳು ಛಜ್ಜಾ, ಮೆಟ್ಟಿಲ ಬದಿಯ ಉದ್ದುದ್ದ ಕಿಟಕಿ, ಗಾರೆಯಲ್ಲೇ ಉಬ್ಬಿಸಿ ಬರೆದ ಕಟ್ಟಡದ ಹೆಸರು. ಪಾರ್ಸಿಗಳ ಅಗ್ಯಾರಿಯನ್ನು, ಅಂದರೆ ಅಗ್ನಿ ಮಂದಿರವನ್ನು, ಹೊರಗಿನಿಂದಲೇ ನೋಡಬೇಕು. ಒಳಗೆ ಬೇರೆಯವರಿಗೆ ಪ್ರವೇಶವಿಲ್ಲ.

ಪ್ರಶ್ನೆ: ನಮ್ಮದು 1930ರ ದಶಕದ ಕಟ್ಟಡ. ಬಾಲ್ಕನಿಯ ಅಡಿಯಿಂದ ಕಾಂಕ್ರೀಟ್ ಚಕ್ಕೆ ಬೀಳುತ್ತಿದೆ, ಸರಳು ಕಾಣುತ್ತಿದೆ. ಪ್ಲಾಸ್ಟರ್ ಮಾಡಿ ಬಣ್ಣ ಬಳಿದರೆ ಸಾಕೆನ್ನುತ್ತಾನೆ ಕಂತ್ರಾಟುದಾರ. – ಓದುಗರು, ಮಾಟುಂಗ

ಉತ್ತರ: ಸಾಕಾಗದು. ಹೊಸ ಕಾಂಕ್ರೀಟಿನ ಕ್ಷಾರಗುಣ ಕಬ್ಬಿಣವನ್ನು ಕಾಯುತ್ತದೆ. ದಶಕಗಳ ಕಾಲ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳನುಗ್ಗಿದಾಗ ಆ ಗುಣ ಕಳೆದುಹೋಗುತ್ತದೆ. ಮುಂಬಯಿಯ ಮಳೆ, ಕಡಲ ಉಪ್ಪು ಮಿಕ್ಕ ಕೆಲಸ ಮುಗಿಸುತ್ತವೆ. ತುಕ್ಕು ಮೂಲ ಕಬ್ಬಿಣದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಸಿಡಿಯುತ್ತದೆ. ಮೇಲೆ ಪ್ಲಾಸ್ಟರ್ ಬಳಿದರೂ ಒಳಗೆ ತುಕ್ಕು ನಿಲ್ಲದು.

ಸುತ್ತಿಗೆಯಿಂದ ತಟ್ಟಿಸಿ, ಟೊಳ್ಳು ಸದ್ದು ಬಂದಲ್ಲೆಲ್ಲ ಗುರುತು ಹಾಕಿಸಿ. ಒಡೆದ ಹೊಸ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿಯಾಗುತ್ತದೆ, ಕ್ಷಾರ ಕಳೆದುಕೊಂಡದ್ದು ಬಣ್ಣ ಬದಲಿಸದು. ಸರಳಿನ ಹಿಂದೆಯೂ ಸುಮಾರು 20 ಮಿ.ಮೀ. ಕೆತ್ತಬೇಕು. ತುಕ್ಕನ್ನು ಪೂರ್ತಿ ಉಜ್ಜಿ, ತುಕ್ಕುನಿರೋಧಕ ಲೇಪ ಹಚ್ಚಿ, ಪಾಲಿಮರ್ ಗಾರೆಯನ್ನು ತೆಳು ಪದರಗಳಲ್ಲಿ ತುಂಬಿ ಕ್ಯೂರಿಂಗ್ ಮಾಡಬೇಕು, ಅಂದರೆ ಬೇಗ ಒಣಗದಂತೆ ಕಾದು ಗಟ್ಟಿಯಾಗಲು ಬಿಡಬೇಕು. ಸವೆದು ಸಣಕಲಾದ ಸರಳಿಗೆ ಜೊತೆ ಸರಳು ಬೇಕೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಅಳೆದು ಹೇಳಲಿ, ಕಂತ್ರಾಟುದಾರನಲ್ಲ.

ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಗೋಡೆಯಿಂದ ಹೊರಚಾಚಿದ ಬಾಲ್ಕನಿಯ ಭಾರ ಹೊರುವ ಸರಳುಗಳಿರುವುದು ಮೇಲ್ಬದಿಯಲ್ಲಿ, ನೆಲದ ಹಾಸಿನ ಕೆಳಗೆ. ಅಡಿಯಲ್ಲಿ ಚಕ್ಕೆ ಬಿದ್ದಿದೆಯೆಂದು ಅಷ್ಟನ್ನೇ ರಿಪೇರಿ ಮಾಡಿದರೆ ನಿಜವಾದ ಅಪಾಯ ಉಳಿದೇ ಇರುತ್ತದೆ. ಕೆಳಗೆ ಆಧಾರ ಕಂಬ ನಿಲ್ಲಿಸದೆ ಮೇಲಿನ ಹಾಸನ್ನು ಅಗೆದರೆ ಬಾಲ್ಕನಿಯೇ ಕುಸಿಯಬಹುದು. ಹಳೆಯ ಹಾಸಿನ ಮೇಲೆ ಹೊಸ ಟೈಲ್ಸ್, ಮಣ್ಣು ತುಂಬಿದ ದೊಡ್ಡ ಕುಂಡಗಳು, ಇಟ್ಟಿಗೆ ಕಟ್ಟಿ ಬಾಲ್ಕನಿಯನ್ನು ಕೋಣೆ ಮಾಡುವುದು, ಎಲ್ಲವೂ ಅದೇ ಸರಳುಗಳ ಮೇಲಿನ ಭಾರ. ಮಳೆನೀರು ಹೋಗುವ ತೂತು ಕಟ್ಟಿಕೊಂಡಿದ್ದರೆ ಇವತ್ತೇ ಬಿಡಿಸಿ.

ಪ್ರಶ್ನೆ: ಇಂಥ ರಿಪೇರಿಗೆ ಯಾರನ್ನು ಕೇಳಬೇಕು? – ಓದುಗರು, ದಾದರ್

ಉತ್ತರ: ಮೊದಲು ಪಾಲಿಕೆಯ ಪಾರಂಪರಿಕ (ಹೆರಿಟೇಜ್) ಪಟ್ಟಿಯನ್ನು ನೋಡಿ. ಅದರಲ್ಲಿದ್ದರೆ ಮೊದಲು ಪಾಲಿಕೆಯನ್ನೇ ಕೇಳಿ. ನಿಮ್ಮ ಕಟ್ಟಡದ ಹೆಸರಷ್ಟನ್ನೇ ಹುಡುಕಬೇಡಿ. ಇಡೀ ಆವರಣವೇ ಪಟ್ಟಿಯಲ್ಲಿರಬಹುದು. ಬಾಡಿಗೆ ಅಥವಾ ಪಗಡಿ (ದೊಡ್ಡ ಮುಂಗಡ ಕೊಟ್ಟು ಕಡಿಮೆ ಬಾಡಿಗೆಗೆ ಇರುವ) ಕಟ್ಟಡವಾಗಿದ್ದು, 1969ರ ಸೆಪ್ಟೆಂಬರ್ 30ಕ್ಕೆ ಮುಂಚಿನದಾಗಿ, ದುರಸ್ತಿಯ ಸೆಸ್ (ಉಪಕರ) ಕಟ್ಟುತ್ತಿದ್ದರೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಕಟ್ಟಡ ದುರಸ್ತಿ ಮಂಡಳಿಗೆ ಅರ್ಜಿ ಕೊಡಿ. ಸೆಸ್ ಕಟ್ಟುವ ಕಟ್ಟಡಗಳಲ್ಲಿ 1940ರ ಸೆಪ್ಟೆಂಬರ್‌ಗೆ ಮುಂಚಿನವು 'ಎ' ವರ್ಗಕ್ಕೆ ಸೇರುತ್ತವೆ.

ಪ್ರಶ್ನೆ: ಹಳೆಯ ಮೊಸಾಯಿಕ್ ನೆಲ ಮಂಕಾಗಿದೆ. ಆಸಿಡ್ ಹಾಕಿ ತೊಳೆಯಬಹುದೇ? – ಓದುಗರು, ವಡಾಲ

ಉತ್ತರ: ಬೇಡವೇ ಬೇಡ. ಅಮೃತಶಿಲೆಯ ಚೂರುಗಳೂ ಸಿಮೆಂಟೂ ಆಸಿಡ್‌ಗೆ ಕರಗಿ ನೆಲ ಒರಟಾಗುತ್ತದೆ, ಆಮೇಲೆ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಕ್ಷಾರವೂ ಆಮ್ಲವೂ ಅಲ್ಲದ ಸೌಮ್ಯ ಸೋಪಿನ ನೀರಿನಲ್ಲಿ ಉಜ್ಜಿಸಿ. ಮಂಕು ಹೋಗದಿದ್ದರೆ ಪಾಲಿಶ್ ಮಾಡಿಸಿ, ಉಜ್ಜುವ ಕಲ್ಲನ್ನು ಒರಟಿನಿಂದ ನಯಕ್ಕೆ ಕ್ರಮವಾಗಿ ಬದಲಿಸುವಂತೆ ಹೇಳಿ.