ದಾವಣಗೆರೆಯಲ್ಲಿ ಸಿವಿಲ್ ಓದಿದವರು ದೊಡ್ಡ ಕಟ್ಟಡಗಳ ತಂತ್ರಜ್ಞಾನ, ಸಸ್ಟೇನಬಿಲಿಟಿ ಓದಿದರೆ ಪ್ರಯೋಜನ ಇದೆಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ದಾವಣಗೆರೆಯಲ್ಲಿ ಸಿವಿಲ್ ಕೊನೆಯ ವರ್ಷದಲ್ಲಿದ್ದೀರಿ. ಎಂ.ಟೆಕ್‌ಗೆ ಸುಧಾರಿತ ನಿರ್ಮಾಣ ತಂತ್ರಜ್ಞಾನ ಮತ್ತು ಸಸ್ಟೇನಬಿಲಿಟಿ ಓದುವ ಆಸೆ ಇದೆ. ಮನೆಯವರು 'ಸ್ಟ್ರಕ್ಚರಲ್ ತಗೋ, ಅದು ಗಿಡ ನೆಡೋ ಕೋರ್ಸು' ಅನ್ನುತ್ತಿದ್ದಾರೆ. ನಮ್ಮೂರಲ್ಲಿ ಎತ್ತರದ ಕಟ್ಟಡಗಳೇ ಕಡಿಮೆ, ಓದಿ ಏನು ಮಾಡಲಿ ಅಂತ ಕೇಳಿದ್ದೀರಿ.

ನಾನೂ ದಾವಣಗೆರೆಯವನೇ. ಎಂ.ಟೆಕ್ ಮುಗಿಸಿ ಬೆಂಗಳೂರಿನ ದೊಡ್ಡ ಸೈಟುಗಳಲ್ಲಿ ಮೊದಲು ಕ್ವಾಲಿಟಿ, ಈಗ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ನನ್ನ ಉತ್ತರ: ಓದಿ. ಆದರೆ ಸಸ್ಟೇನಬಿಲಿಟಿ ಅಂದರೆ ತಾರಸಿ ಮೇಲಿನ ಸೋಲಾರ್, ಬಾಗಿಲಲ್ಲಿ ನೇತುಹಾಕುವ ಗ್ರೀನ್ ಬಿಲ್ಡಿಂಗ್ ಫಲಕ ಅಂದುಕೊಂಡು ಸೇರಬೇಡಿ. ದೊಡ್ಡ ಕಟ್ಟಡದಲ್ಲಿ ಅದು ಟನ್ ಲೆಕ್ಕದ ವಿಷಯ. ಎಷ್ಟು ಸಿಮೆಂಟು, ಎಷ್ಟು ಕಬ್ಬಿಣ, ಸೆಂಟ್ರಿಂಗ್ ಯಾವತ್ತು ಬಿಚ್ಚಬಹುದು, ಇವನ್ನು ತೀರ್ಮಾನಿಸುವ ಹೊತ್ತಿಗೇ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ. ಅದಕ್ಕೇ ತಂತ್ರಜ್ಞಾನ, ಸಸ್ಟೇನಬಿಲಿಟಿ ಎರಡನ್ನೂ ಬೇರೆ ಬೇರೆ ವಿಷಯ ಅಂತ ಕಲಿಸುವ ಕೋರ್ಸು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಒಂದು ಲೆಕ್ಕ ಹಾಕೋಣ. ಇಪ್ಪತ್ತು ಅಂತಸ್ತಿನ ಕಟ್ಟಡಕ್ಕೆ ರಾಫ್ಟ್ ಪಾಯ, ಅಂದರೆ ಇಡೀ ಕಟ್ಟಡದ ಕೆಳಗೆ ಒಂದೇ ದಪ್ಪ ಕಾಂಕ್ರೀಟು ಹಾಸು. 1000 ಘನ ಮೀಟರ್ ಕಾಂಕ್ರೀಟು, ಘನ ಮೀಟರಿಗೆ 400 ಕೆಜಿ ಸಿಮೆಂಟು ಅಂತಿಟ್ಟುಕೊಳ್ಳಿ. ಒಟ್ಟು 400 ಟನ್. ಏನೂ ಬೆರೆಸದ ಸಾದಾ ಸಿಮೆಂಟು, ಅಂದರೆ ಒಪಿಸಿ, ಒಂದು ಟನ್ ತಯಾರಾಗುವಾಗ ಸುಮಾರು 0.8ರಿಂದ 0.9 ಟನ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಗೂಡನ್ನು 1450 ಡಿಗ್ರಿವರೆಗೆ ಕಾಯಿಸಬೇಕು, ಅದಕ್ಕೆ ಇಂಧನ ಬೇಕು, ನಿಜ. ಆದರೆ ಅರ್ಧಕ್ಕಿಂತ ಜಾಸ್ತಿ ಅನಿಲ ಬರುವುದು ಸುಣ್ಣದ ಕಲ್ಲಿನೊಳಗಿಂದಲೇ. ಇಂಧನ ಬದಲಾಯಿಸಿದರೂ ಆ ಪಾಲು ನಿಲ್ಲುವುದಿಲ್ಲ. ಈಗ ಆ 400 ಟನ್ನಿನಲ್ಲಿ ಅರ್ಧಕ್ಕೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಪುಡಿ, ಅಂದರೆ ಜಿಜಿಬಿಎಸ್, ಬಳಸಿದಿರಿ ಅನ್ನಿ. 150 ಟನ್ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಉಳಿತಾಯ. ತಾರಸಿ ಮೇಲೆ 10 ಕಿಲೋವ್ಯಾಟ್ ಸೋಲಾರ್ ಹಾಕಿದರೆ ವರ್ಷಕ್ಕೆ ಉಳಿಯುವುದು ಹೆಚ್ಚು ಕಡಿಮೆ 10 ಟನ್. ಹದಿನೈದು ವರ್ಷದ ಸೋಲಾರ್ ಲಾಭ ಒಂದು ಮಿಕ್ಸ್ ಡಿಸೈನಿನಲ್ಲೇ, ಅಂದರೆ ಕಾಂಕ್ರೀಟಿಗೆ ಏನೇನು ಎಷ್ಟೆಷ್ಟು ಅನ್ನುವ ಲೆಕ್ಕದಲ್ಲೇ, ಬಂತು. ಇದು ಕಟ್ಟಡದ ಫೋಟೋದಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರೂ ಮಾತಾಡುವುದಿಲ್ಲ.

ರಾಫ್ಟಿಗೆ ಸ್ಲ್ಯಾಗಿನಿಂದ ಇನ್ನೊಂದು ಲಾಭ ಇದೆ. ದಪ್ಪ ಕಾಂಕ್ರೀಟು ಒಳಗೊಳಗೇ ಕಾಯುತ್ತದೆ. ಒಳಗಿನ ಬಿಸಿ 70 ಡಿಗ್ರಿ ದಾಟಬಾರದು, ಒಳಗೂ ಹೊರಗೂ 20 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇರಬಾರದು ಅಂತ ಸೈಟಿನಲ್ಲಿ ಸಾಮಾನ್ಯವಾಗಿ ಮಿತಿ ಹಾಕಿಕೊಳ್ಳುತ್ತಾರೆ. ಮೀರಿದರೆ ಬಿರುಕು. ಸ್ಲ್ಯಾಗ್ ಜಾಸ್ತಿ ಇದ್ದರೆ ಬಿಸಿ ನಿಧಾನವಾಗಿ ಏರುತ್ತದೆ. 828 ಮೀಟರಿನ ಬುರ್ಜ್ ಖಲೀಫಾ ಕಟ್ಟುವಾಗ ಬೇಸಿಗೆಯಲ್ಲಿ ಕಾಂಕ್ರೀಟಿಗೆ ಐಸ್ ಬೆರೆಸಿ ರಾತ್ರಿ ಹೊತ್ತು ಹಾಕುತ್ತಿದ್ದರು. ನಮ್ಮ ಏಪ್ರಿಲ್ ಬಿಸಿಲಿನಲ್ಲೂ ದೊಡ್ಡ ರಾಫ್ಟ್ ಹಾಕುವವರು ಇದೇ ದಾರಿ ಹಿಡಿಯಬೇಕು.

ಇಲ್ಲಿಯವರೆಗೆ ಎಲ್ಲರಿಗೂ ಖುಷಿ. ಜಗಳ ಶುರುವಾಗುವುದು ಮೇಲಿನ ಮಹಡಿಗಳಲ್ಲಿ.

ಎತ್ತರದ ಕಟ್ಟಡದಲ್ಲಿ ಒಂದು ಮಹಡಿಗೆ ಏಳೆಂಟು ದಿನದ ಚಕ್ರ ಇರುತ್ತದೆ. ಅಲ್ಯೂಮಿನಿಯಂ ಫಾರ್ಮ್‌ವರ್ಕಿನಲ್ಲಿ, ಅಂದರೆ ಕಾಂಕ್ರೀಟು ಸುರಿಯುವ ಅಚ್ಚಿನಲ್ಲಿ, ಸೈಟಿನವರ ಬಾಯಲ್ಲಿ 'ಮೈವಾನ್', ಗೋಡೆಯ ಪ್ಲೇಟುಗಳನ್ನು ಮರುದಿನವೇ ಬಿಚ್ಚಿ ಮೇಲಕ್ಕೆ ಸಾಗಿಸಬೇಕು. ಪೋಸ್ಟ್ ಟೆನ್ಷನ್ ಸ್ಲ್ಯಾಬ್ (ಒಳಗಿನ ಉಕ್ಕಿನ ಕೇಬಲ್ ಎಳೆದು ಬಿಗಿಯುವ ಸ್ಲ್ಯಾಬ್) ಆದರೆ ಕೆಲವೇ ದಿನಗಳಲ್ಲಿ ಕೇಬಲ್ ಎಳೆಯುವಷ್ಟು ಬಲ ಬಂದಿರಬೇಕು. ಸ್ಲ್ಯಾಗ್ ಕಾಂಕ್ರೀಟು ಕೊನೆಗೆ ಚೆನ್ನಾಗಿಯೇ ಗಟ್ಟಿಯಾಗುತ್ತದೆ, ಆದರೆ ಮೊದಲ ದಿನಗಳಲ್ಲಿ ಅದಕ್ಕೆ ಆತುರ ಇಲ್ಲ. ಮಹಡಿಗೆ ಎರಡು ದಿನ ತಡವಾದರೂ ಇಪ್ಪತ್ತು ಮಹಡಿಗೆ ನಲವತ್ತು ದಿನ. ಬಾಡಿಗೆ ಕ್ರೇನು, ಕೂಲಿ, ಬ್ಯಾಂಕಿನ ಬಡ್ಡಿ ಎಲ್ಲ ಓಡುತ್ತಲೇ ಇರುತ್ತದೆ. ಆಗ ಪ್ರಾಜೆಕ್ಟ್ ಮ್ಯಾನೇಜರು ಮೊದಲು ಕೈಬಿಡುವುದು ನಿಮ್ಮ ಸ್ಲ್ಯಾಗನ್ನೇ.

ಇದನ್ನು ಬಿಡಿಸಲು ಬರುವವರು ಬೇಕು. ರಾಫ್ಟಿಗೂ ಕೆಳಗಿನ ಕಾಲಮ್ಮಿಗೂ ಸ್ಲ್ಯಾಗ್ ಜಾಸ್ತಿ ಇರಲಿ. ಅವಕ್ಕೆ ಪೂರ್ತಿ ಭಾರ ಬೀಳುವುದು ತಿಂಗಳುಗಳ ನಂತರ, ಹಾಗಾಗಿ 28 ದಿನದ ಬದಲು 56 ದಿನದ ಬಲಕ್ಕೆ ಡಿಸೈನ್ ಮಾಡಿ ಅಂತ ಸ್ಟ್ರಕ್ಚರಲ್ ಕನ್ಸಲ್ಟೆಂಟನ್ನು ಮೊದಲೇ ಒಪ್ಪಿಸಬಹುದು. ಸ್ಲ್ಯಾಬಿಗೆ ಸ್ಲ್ಯಾಗ್ ಕಡಿಮೆ ಮಾಡಿ, ನೀರು ಕಡಿಮೆ ಮಾಡಿ, ಆಗಲೂ ಕಾಂಕ್ರೀಟು ಸರಾಗವಾಗಿ ಹರಿಯುವಂತೆ ಮಾಡುವ ರಾಸಾಯನಿಕ, ಅಂದರೆ ಒಳ್ಳೆಯ ಅಡ್‌ಮಿಕ್ಸ್ಚರ್ ಹಾಕಬಹುದು. ಸ್ಲ್ಯಾಬಿನೊಳಗೆ ತಾಪಮಾನದ ಸೆನ್ಸರ್ ಇಟ್ಟು ಮೆಚ್ಯೂರಿಟಿ ವಿಧಾನದಲ್ಲಿ, ಅಂದರೆ ತಾಪಮಾನ ಮತ್ತು ಕಳೆದ ಹೊತ್ತು ನೋಡಿ, ಬಲ ಅಂದಾಜು ಮಾಡಿದರೆ, ಕ್ಯಾಲೆಂಡರ್ ನೋಡಿ ಕಾಯುವುದು ತಪ್ಪುತ್ತದೆ. ಮನೆಯವರಿಗೆ ಇಷ್ಟು ಹೇಳಿ: ಇದಕ್ಕೆ ಸ್ಟ್ರಕ್ಚರಲ್ ಗೊತ್ತಿರಬೇಕು, ಸಿಮೆಂಟಿನ ಕೆಮಿಸ್ಟ್ರಿ ಗೊತ್ತಿರಬೇಕು, ಶೆಡ್ಯೂಲ್ ಓದಲು ಬರಬೇಕು. ಗಿಡ ನೆಡುವ ಕೋರ್ಸಂತೂ ಅಲ್ಲ.

ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು, ನಮ್ಮ ಕಡೆ ಅದನ್ನು ತೀರಾ ಹಗುರವಾಗಿ ತಗೊಳ್ಳುತ್ತಾರೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಪಿಸಿಗೆ ಕನಿಷ್ಠ 7 ದಿನ, ಸ್ಲ್ಯಾಗ್, ಹಾರುಬೂದಿ ಬೆರೆಸಿದ್ದಕ್ಕೆ ಕನಿಷ್ಠ 10 ದಿನ. ಒಣ ಬಿಸಿಲಿನ ಜಾಗದಲ್ಲಿ ಬೆರಕೆ ಸಿಮೆಂಟಿಗೆ 14 ದಿನ ಮಾಡಿದರೆ ಒಳ್ಳೆಯದು ಅಂತಲೂ ಅದರಲ್ಲೇ ಇದೆ. ಚಿತ್ರದುರ್ಗ, ಚಳ್ಳಕೆರೆ ಕಡೆ ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಬರುವಾಗ 14 ದಿನ ಯಾರು ನೀರು ಹಾಕುತ್ತಾರೆ? ಗೋಣಿ ತಟ್ಟು ಹೊದಿಸಿ ಮೇಲೆ ಪ್ಲಾಸ್ಟಿಕ್ ಹಾಸಿದರೆ ನೀರು ಎಷ್ಟೋ ಉಳಿಯುತ್ತದೆ. ತೇವ ಆರದಂತೆ ತಡೆಯುವ ಕ್ಯೂರಿಂಗ್ ಕಾಂಪೌಂಡ್ ಬಳಿಯುವುದೂ ಇದೆ. ಹಸಿರು ಸಿಮೆಂಟು ತಂದು ನಾಲ್ಕೇ ದಿನಕ್ಕೆ ಒಣಗಲು ಬಿಟ್ಟರೆ ಮೇಲ್ಪದರ ಪುಡಿಯಾಗುತ್ತದೆ, ಆಮೇಲೆ ಕಬ್ಬಿಣಕ್ಕೆ ತುಕ್ಕು. ರಿಪೇರಿಗೆ ಮತ್ತೆ ಸಿಮೆಂಟು.

ಇನ್ನು ಎತ್ತರದ ಕಟ್ಟಡ ಮಾತ್ರ ಕಷ್ಟದ್ದು ಅಂದುಕೊಳ್ಳಬೇಡಿ. ಆರು ಮಹಡಿಯ ಆಸ್ಪತ್ರೆ ಮೂವತ್ತು ಮಹಡಿಯ ಫ್ಲ್ಯಾಟುಗಳಿಗಿಂತ ತಲೆನೋವು. ಆಕ್ಸಿಜನ್ ಪೈಪು, ಆಪರೇಷನ್ ಥಿಯೇಟರಿನ ಏಸಿ ಡಕ್ಟು, ಬೆಂಕಿ ನಂದಿಸುವ ಲೈನು, ಕರೆಂಟಿನ ಟ್ರೇ ಎಲ್ಲವೂ ಒಂದೇ ಬೀಮಿನ ಕೆಳಗೆ ಹೋಗಬೇಕು ಅನ್ನುತ್ತವೆ. ಬಿಐಎಂ, ಅಂದರೆ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮೊದಲೇ ಮಾಡೆಲ್ ಮಾಡಿ ನೋಡುವ ವಿಧಾನ, ಕೆಲಸಕ್ಕೆ ಬರುವುದು ಇಲ್ಲಿ. ಮಾಡೆಲಿನಲ್ಲೇ ಡಿಕ್ಕಿ ಗೊತ್ತಾದರೆ ಹಾಕಿದ ಕಾಂಕ್ರೀಟನ್ನು ಕೊರೆಯುವ ಪ್ರಸಂಗ ಬರುವುದಿಲ್ಲ. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು, ಆಸ್ಪತ್ರೆಗಳಿಗೆ ಏನು ಕಡಿಮೆ? ಆದ್ದರಿಂದ 'ಊರಲ್ಲಿ ಕೆಲಸ ಇಲ್ಲ' ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಂಬಳ ಬೆಂಗಳೂರಿನಷ್ಟು ಸಿಗುವುದಿಲ್ಲ ಅನ್ನುವುದು ಬೇರೆ ಮಾತು.

ಓದುವ ವಿಷಯಕ್ಕೆ ನಮ್ಮ ಊರಿನಂಥ ಜಾಗ ಅಪರೂಪ. ಸ್ಲ್ಯಾಗ್ ಬರುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲೇ ಇದೆ. ಆದರೆ ಸ್ಲ್ಯಾಗ್ ಬೇಕಾದಷ್ಟು ಸಿಗುವ ಮಾಲಲ್ಲ, ಉಕ್ಕು ಎಷ್ಟು ತಯಾರಾಗುತ್ತದೋ ಅಷ್ಟೇ. ಹಾಗಾಗಿ ಈಗ ಸುಟ್ಟ ಜೇಡಿಮಣ್ಣಿನ ಎಲ್‌ಸಿ3 ಸಿಮೆಂಟಿನ ಮೇಲೆ ಎಲ್ಲರ ಕಣ್ಣು. ಅರ್ಧ ಕ್ಲಿಂಕರ್ (ಗೂಡಿನಲ್ಲಿ ಸುಟ್ಟು ಬರುವ ಸಿಮೆಂಟಿನ ಮೂಲ ಗಟ್ಟಿ), ಶೇ. 30 ಸುಟ್ಟ ಜೇಡಿ, ಶೇ. 15 ಸುಣ್ಣದ ಕಲ್ಲಿನ ಪುಡಿ, ಶೇ. 5 ಜಿಪ್ಸಮ್. ಜೇಡಿಯನ್ನು 800 ಡಿಗ್ರಿ ಆಸುಪಾಸು ಸುಟ್ಟರೆ ಸಾಕು. 2023ರಲ್ಲಿ ಇದಕ್ಕೆ ಭಾರತೀಯ ಮಾನಕವೂ ಬಂತು, ಐಎಸ್ 18189.

ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಭತ್ತದ ಹೊಟ್ಟಿನ ಬೂದಿ ಹಿಡಿಯಿರಿ. ದಾವಣಗೆರೆ, ಹರಿಹರ ಸುತ್ತ ರೈಸ್ ಮಿಲ್ಲುಗಳಿವೆ, ಮಂಡಕ್ಕಿ ಭಟ್ಟಿಗಳಿವೆ. ಹೊಟ್ಟು ಸುಟ್ಟರೆ ತೂಕದ ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಅದರಲ್ಲಿ ಶೇ. 85-90 ಸಿಲಿಕಾ. ಕೇಳಲು ಚಂದ ಅಲ್ವಾ? ಆದರೆ ಆ ಸಿಲಿಕಾ ಸಿಮೆಂಟಿನ ಜೊತೆ ಸೇರಬೇಕಾದರೆ ಹೊಟ್ಟನ್ನು 500ರಿಂದ 700 ಡಿಗ್ರಿ ಒಳಗೆ ಹದವಾಗಿ ಸುಡಬೇಕು. ಒಲೆಯಲ್ಲಿ ಹೇಗೆ ಹೇಗೋ ಉರಿದ ಬೂದಿಯಲ್ಲಿ ಒಂದು ಕಡೆ ಸಿಲಿಕಾ ಹರಳುಗಟ್ಟಿರುತ್ತದೆ, ಇನ್ನೊಂದು ಕಡೆ ಸುಡದ ಇದ್ದಿಲು ಉಳಿದಿರುತ್ತದೆ. ಆ ಕರಿ ಬೂದಿ ನೀರನ್ನೂ ಅಡ್‌ಮಿಕ್ಸ್ಚರನ್ನೂ ಕುಡಿದುಬಿಡುತ್ತದೆ. ಸುಮ್ನೆ 'ಶೇ. 10 ಹಾಕಿದೆವು, ಬಲ ನೋಡಲು ಕ್ಯೂಬ್ ಒಡೆದೆವು' ಅನ್ನುವ ವರದಿಗಳು ಪ್ರತಿ ಕಾಲೇಜಿನ ಕಪಾಟಿನಲ್ಲೂ ಇವೆ. ನೀವು ಬೇರೆ ಬೇರೆ ಒಲೆಗಳ ಬೂದಿ ತಂದು, ಇದ್ದಿಲು ಎಷ್ಟಿದೆ, ನುಣುಪು ಎಷ್ಟು, ಬಲಕ್ಕೆ ಎಷ್ಟು ಸೇರಿತು ಅಂತ ಹೋಲಿಸಿ. ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಲು ಸಾಮಾನು ಸಿಗುತ್ತದೆ.

ಪಾಯದ ಕೆಳಗಿನ ಮಣ್ಣೂ ಒಂದು ಪಾಠ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಗೋಡೆಯ ಮೂಲೆ ಮೂಲೆಯ ಬಿರುಕು ಅದರ ಕೆಲಸ. ಅಗೆದು ಲಾರಿ ಲಾರಿ ಗ್ರಾವೆಲ್ ತುಂಬುವುದು ರೂಢಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ರೂಪಿಸಿದ ಅಂಡರ್ ರೀಮ್ಡ್ ಪೈಲ್ ಇದಕ್ಕೇ ಇರುವುದು. ತಳದಲ್ಲಿ ಕಂಬದ ಅಗಲಕ್ಕಿಂತ ಎರಡೂವರೆ ಪಟ್ಟು ಅಗಲದ ಗೆಡ್ಡೆ ಮಾಡಿ, ಸುಮಾರು ಮೂರೂವರೆ ಮೀಟರ್ ಆಳದಲ್ಲಿ, ತೇವ ಹೆಚ್ಚು ಕಡಿಮೆ ಆಗದ ಮಣ್ಣಿಗೆ ಊರುವುದು. ಮಣ್ಣು ಸಾಗಿಸುವ ಲಾರಿಯ ಡೀಸೆಲ್ಲೂ ಉಳಿಯಿತು, ಗೋಡೆಯೂ ಉಳಿಯಿತು.

'ಹಳೆಯವರು ಗಾರೆಯಲ್ಲಿ ಕಟ್ಟಿದ್ದೇ ಸಸ್ಟೇನಬಲ್' ಅನ್ನುವ ಮಾತು ಕ್ಲಾಸಿನಲ್ಲಿ ಖಂಡಿತ ಬರುತ್ತದೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲಿ ಮುಗಿದದ್ದು. 1933ರಲ್ಲಿ ತುಂಬಿ ಹರಿದ ಆ ಕಟ್ಟೆ 2022ರಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಗಟ್ಟಿಯಾಗಿಯೇ ನಿಂತಿತ್ತು. ಹೆಮ್ಮೆ ಪಡೋಣ. ಆದರೆ ಅದು ತನ್ನ ತೂಕದಿಂದಲೇ ನೀರನ್ನು ತಡೆಯುವ ಕಲ್ಲಿನ ರಾಶಿ. ಇಪ್ಪತ್ತು ಮಹಡಿಯ ಆಸ್ಪತ್ರೆಗೆ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿಂದ ಕಲಿಯಬೇಕಾದ್ದು ಆಯಸ್ಸಿನ ಲೆಕ್ಕ: ನೂರು ವರ್ಷ ಬಾಳುವ ಕಟ್ಟಡದ ಕಾರ್ಬನ್ನು ವರ್ಷಕ್ಕೆ ಹಂಚಿದರೆ ಚಿಲ್ಲರೆ. ಹಾಗೆಯೇ ಪಿ.ಬಿ. ರಸ್ತೆಯಲ್ಲಿ ಪಶ್ಚಿಮಕ್ಕೆ ಪೂರ್ತಿ ಗಾಜು ಹಾಕಿ ದಿನವಿಡೀ ಏಸಿ ಓಡಿಸುವ ಶೋರೂಮುಗಳನ್ನೂ ಒಮ್ಮೆ ನೋಡಿ ಬನ್ನಿ. ವಸತಿ ಕಟ್ಟಡಗಳ ಇಂಧನ ಉಳಿತಾಯದ ನಿಯಮಾವಳಿಯಾದ ಇಕೋ ನಿವಾಸ್ ಸಂಹಿತೆಯಲ್ಲಿ ಹೊರಗೋಡೆಯ ಮೂಲಕ ಒಳಬರುವ ಶಾಖಕ್ಕೆ ಚದರ ಮೀಟರಿಗೆ 15 ವ್ಯಾಟ್ ಮಿತಿ ಇದೆ. ಆ ಲೆಕ್ಕ ನಿಮ್ಮ ಮನೆಗೇ ಮಾಡಿ ನೋಡಬಹುದು.

ಎಲ್ಲಿ ಓದುವುದು? ಐಐಟಿ ಮದ್ರಾಸ್, ಐಐಟಿ ದೆಹಲಿ, ಸುರತ್ಕಲ್‌ನ ಎನ್‌ಐಟಿಕೆ, ತಿರುಚ್ಚಿ ಎನ್‌ಐಟಿ ಇವುಗಳ ಜೊತೆ ಎಲ್ ಅಂಡ್ ಟಿ ಕಂಪನಿ ಬಿಲ್ಡ್ ಇಂಡಿಯಾ ಸ್ಕಾಲರ್‌ಶಿಪ್ ನಡೆಸುತ್ತದೆ. ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್ ಎಂ.ಟೆಕ್, ಖರ್ಚು ಅವರದು, ಮುಗಿದ ಮೇಲೆ ಅವರಲ್ಲೇ ಕೆಲಸ ಮಾಡುವ ಕರಾರು ಇರುತ್ತದೆ. ಅದು ಕೊನೆಯ ವರ್ಷದವರಿಗೆ, ಅಂದರೆ ನಿಮಗೆ ಈ ವರ್ಷ ಬಿಟ್ಟರೆ ಹೋಯಿತು. ಇಲ್ಲದಿದ್ದರೆ ಗೇಟ್ ಪ್ರವೇಶ ಪರೀಕ್ಷೆಯ ದಾರಿ ಇದ್ದೇ ಇದೆ. ಮಣ್ಣಿನ ಇಟ್ಟಿಗೆ, ತಯಾರಿಸಲು ಕಡಿಮೆ ಇಂಧನ ಬೇಡುವ ಸಾಮಗ್ರಿ ಇಷ್ಟವಾದರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ 'ಅಸ್ತ್ರ' ಅಂತ ಶುರುವಾದ ಕೇಂದ್ರದ ಸಂಶೋಧನೆ ಓದಿ. ಸುಡದೆ ಒತ್ತಿ ಮಾಡುವ ಮಣ್ಣಿನ ಬ್ಲಾಕಿನ ಮೇಲೆ ಅವರ ಕೆಲಸ ದೊಡ್ಡದು. ನಮ್ಮ ಕೆಂಪು ಮಣ್ಣಿಗೆ ಅದು ಒಗ್ಗುತ್ತದೆ, ಎರೆ ಮಣ್ಣಿಗೆ ಸುಲಭಕ್ಕೆ ಒಗ್ಗುವುದಿಲ್ಲ.

ದುಡ್ಡು ಕೊಟ್ಟು ಸೇರುವ ಕೋರ್ಸಾದರೆ ಎರಡು ವಿಚಾರಿಸಿ: ಲ್ಯಾಬಿನಲ್ಲಿ ಕಾಂಕ್ರೀಟು ಕಲಸಲು ಬಿಡುತ್ತಾರಾ, ಸೈಟಿನಲ್ಲಿ ಇಂಟರ್ನ್‌ಶಿಪ್ ಎಷ್ಟು ತಿಂಗಳು. ಬರೀ ಗ್ರೀನ್ ಬಿಲ್ಡಿಂಗ್ ಫಲಕದ ರೇಟಿಂಗ್ ಪಾಯಿಂಟ್ ತುಂಬುವುದನ್ನು ಕಲಿಸುವ ಜಾಗ ಬೇಡ. ಅದಕ್ಕಿಂತ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮದ್ರಾಸಿನವರ ಸುಧಾರಿತ ಕಾಂಕ್ರೀಟ್ ತಂತ್ರಜ್ಞಾನದ ಪಾಠಗಳಿವೆ, ನೋಡಲು ದುಡ್ಡು ಬೇಡ. ಮೊದಲ ಕೆಲವು ಪಾಠ ಈ ವಾರವೇ ನೋಡಿ. ಸಿಮೆಂಟಿನ ಕೆಮಿಸ್ಟ್ರಿ ಬೇಜಾರಾದರೆ ಸ್ಟ್ರಕ್ಚರಲ್ಲೇ ತಗೊಳ್ಳಿ, ತಪ್ಪೇನಿಲ್ಲ. ಹೊಟ್ಟಿನ ಬೂದಿಯ ಪ್ರಾಜೆಕ್ಟ್ ಮಾಡುವುದಾದರೆ ಕಾಮೆಂಟಿನಲ್ಲಿ ತಿಳಿಸಿ, ಯಾವ ಪರೀಕ್ಷೆ ಯಾವ ಕ್ರಮದಲ್ಲಿ ಮಾಡಬೇಕು ಅಂತ ಬರೆದು ಕಳಿಸುತ್ತೇನೆ.